ಮೀಟರ್‌ನಲ್ಲಿ ಕಾಣುವ 14.7 ಎಲ್ಲಿಂದ ಬಂತು?

ಸ್ಟೇರಿಂಗ್ ಅಡಿಯ, ಕಾರಿನ ಕಂಪ್ಯೂಟರ್ ಜೊತೆ ಮಾತಾಡೋ ಒಬಿಡಿ ಸಾಕೆಟ್‌ಗೆ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ಮೊಬೈಲಲ್ಲಿ ಟಾರ್ಕ್ ಆಪ್ ಹಾಕೋದು, ಇಲ್ಲದಿದ್ರೆ ಸ್ಕ್ಯಾನ್‌ಗೇಜ್ ತರದ ಸಣ್ಣ ಮೀಟರ್ ಡ್ಯಾಶ್‌ಬೋರ್ಡಲ್ಲಿ ಕೂರಿಸಿ ಏರ್-ಫ್ಯೂಯಲ್ ರೇಶಿಯೋ (ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಅನ್ನೋ ಅನುಪಾತ) ನೋಡ್ತಾ ಗಾಡಿ ಬಿಡೋದು, ಈ ಮರ್ಲು ಈಗ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಹುಡುಗರಿಗೂ ಹಿಡಿದಿದೆ. ಒಳ್ಳೇ ಮರ್ಲೇ, ನನಗೂ ಉಂಟು. ನನ್ನ ತಕರಾರು ಒಂದೇ, ಪರದೆಯಲ್ಲಿ 14.7 ಅಂತ ಬಂದ ಕೂಡ್ಲೆ ಜನ ಅದನ್ನ ಕಾರು ಅಳೆದು ಹೇಳಿದ ಸತ್ಯ ಅಂತ ನಂಬಿ ಬಿಡ್ತಾರೆ.

ನನ್ನ ಭಾವನನ್ನೇ ತಗೊಳ್ಳಿ. ಕೇರಳಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲ್ ಲೀಟರಿಗೆ ನಾಕೈದು ರೂಪಾಯಿ ಕಮ್ಮಿ ಅಂತ ಮಂಗಳೂರಿಗೆ ಹೋದಾಗೆಲ್ಲ ತಲಪಾಡಿ ಗಡಿ ದಾಟಿ ಟ್ಯಾಂಕ್ ಫುಲ್ ಮಾಡಿಸಿಕೊಂಡು ಬರೋ ಜನ ಅವರು. ಮೀಟರ್ ಹಾಕಿಸಿದ ಮೇಲೆ ಒಂದು ದಿನ ನನ್ನ ಹತ್ರ ವಾದಕ್ಕೇ ಇಳಿದ್ರು, "ನೋಡಿ ಭಾವ, ಅಲ್ಲಿ ತುಂಬಿಸಿದ್ರೂ 14.7, ಇಲ್ಲಿ ತುಂಬಿಸಿದ್ರೂ 14.7, ಎಥನಾಲ್ ಗಿಥನಾಲ್ ಎಂತದೂ ಇಲ್ಲ, ಎಲ್ಲಾ ಶುದ್ಧ ಪೆಟ್ರೋಲೇ." ಟ್ಯಾಂಕಲ್ಲಿ ಇದ್ದದ್ದು ಇ20, ಅಂದ್ರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಶುದ್ಧ ಪೆಟ್ರೋಲಿಗೆ ಸರಿಯಾದ ಅನುಪಾತ 14.7, ಇ20ಕ್ಕೆ 13.5ರ ಹತ್ತಿರ. ಹಾಗಾದ್ರೆ ಮೀಟರ್ ಸುಳ್ಳು ಹೇಳ್ತಾ? ಅದೂ ಇಲ್ಲ, ಅದಕ್ಕೆ ಆ ಸಂಖ್ಯೆ ಹೇಳಿಕೊಟ್ಟದ್ದೇ ಮೀಟರ್ ಕೂರಿಸಿದವರು.

ಹೇಗೆ ಅಂತ ಹೇಳ್ತೇನೆ. ಕಾರಿನ ಕಂಪ್ಯೂಟರ್ ಹತ್ರ ಮೀಟರ್ ಕೇಳೋ ಪ್ರಶ್ನೆ ಬರೀ ಸಂಖ್ಯೆ: 01 44. ಮೊದಲಿನ 01 ಅಂದ್ರೆ ಈಗಿನ ಲೆಕ್ಕ ಕೊಡು ಅಂತ, 44 ಅಂದ್ರೆ ಅನುಪಾತಕ್ಕೆ ಕೊಟ್ಟ ನಂಬರು, ಇದಕ್ಕೇ ಪಿಐಡಿ ಅನ್ನೋದು. ನಿಮ್ಮ ಕಾರಿಗೆ ಈ 44 ಗೊತ್ತುಂಟಾ ಅಂತ ಮೊದಲೇ ನೋಡ್ಕೊಳ್ಳಿ. 01 40 ಅಂದ್ರೆ ಮುಂದಿನ ಯಾವ ಯಾವ ನಂಬರು ಗೊತ್ತುಂಟು ಅಂತ, ಹಾಗೆ ಕೇಳಿದಾಗ 41 40 7ಎ ಡಿಸಿ 80 00 ಅಂತ ಬಂತು ಅಂತಿಟ್ಕೊಳ್ಳಿ, ಅದರಲ್ಲಿ 7 ಅಂದ್ರೆ ಬೈನರಿಯಲ್ಲಿ 0111, ಈ ನಾಕು ಅಂಕಿ ಸಾಲಾಗಿ 41ರಿಂದ 44ರ ತನಕದ ನಂಬರಿಗೆ, 0 ಇದ್ರೆ ಇಲ್ಲ, 1 ಇದ್ರೆ ಉಂಟು, ಅಂದ್ರೆ 41 ಇಲ್ಲ, 42, 43, 44 ಉಂಟು. ಇನ್ನು 01 44 ಕೇಳಿದ್ರೆ ಉತ್ತರ 41 44 80 00. ಇದರಲ್ಲಿ 41 ಅಂದ್ರೆ ನಮ್ಮ 01ಕ್ಕೆ ಉತ್ತರ, ಕೊನೆಯ ಎರಡು ಬೈಟ್ ಮಾತ್ರ ನಮಗೆ ಬೇಕಾದ್ದು, ಅದಕ್ಕೆ ಎ, ಬಿ ಅಂತ ಹೆಸರು. ಹೆಕ್ಸ್‌ನ (ಹತ್ತರ ಬದಲು ಹದಿನಾರರ ಲೆಕ್ಕ) 80 ಅಂದ್ರೆ ನಮ್ಮ ಲೆಕ್ಕದಲ್ಲಿ 128. 256 × 128 + 0 = 32768, ಅದನ್ನ 32768ರಿಂದ ಭಾಗಿಸಿದ್ರೆ ಸರಿಯಾಗಿ 1.

ಕಾರು ಕೊಡೋದು ಇಷ್ಟೇ ಮಾರಾಯ್ರೆ, ಒಂದು. ಇದಕ್ಕೆ ಲ್ಯಾಂಬ್ಡಾ ಅಂತಾರೆ, ಇರೋ ಗಾಳಿ ಬೇಕಾದ ಗಾಳಿಯ ಎಷ್ಟು ಪಾಲು ಅನ್ನೋ ಲೆಕ್ಕ. ಇದನ್ನ 14.7 ಮಾಡೋದು ನಾವು, ಆಪ್‌ನ ಎಕ್ಸ್‌ಟ್ರಾ ಪಿಐಡಿ ಜಾಗದಲ್ಲಿ (256 × ಎ + ಬಿ) ÷ 32768 × 14.7 ಅಂತ ಸೂತ್ರ ಹಾಕಿ. ಅಕ್ಷರ ಮಾತ್ರ ಇಂಗ್ಲಿಷಲ್ಲಿ ಒತ್ತಿ. ಸ್ಕ್ಯಾನ್‌ಗೇಜ್‌ನ ಎಕ್ಸ್‌ಗೇಜ್‌ನಲ್ಲಿ ಇದೇ ಕೆಲಸವನ್ನ ಗುಣಿಸು, ಭಾಗಿಸು, ಕೂಡಿಸು ಅಂತ ಮೂರು ತುಂಡು ಮಾಡಿ ಕೊಡ್ಬೇಕು, ಅಲ್ಲಿ ಎಲ್ಲಾ ಸಂಖ್ಯೆಯೂ ಹೆಕ್ಸ್‌ನಲ್ಲಿ, 14.7ನ್ನ ಬಿಂದು ತೆಗೆದು 147 ಮಾಡಿದ್ರೆ ಅದು ಅಲ್ಲಿ 93. ಭಾವನ ಮೀಟರಲ್ಲಿ ಯಾರೋ 14.7 ಹಾಕಿದ್ರು, ಅದು ವಾಪಸ್ 14.7 ತೋರಿಸ್ತು. ನೀವು 9 ಹಾಕಿ ನೋಡಿ, ನಿಮ್ಮ ಕಾರು ಬರೀ ಎಥನಾಲಲ್ಲಿ ಓಡ್ತಾ ಇದೆ ಅಂತ ಮೀಟರ್ ಒಪ್ಪಿಕೊಳ್ತದೆ!

ಇನ್ನೂ ಒಂದು ತಮಾಷೆ ಉಂಟು. 44ನೇ ನಂಬರಿನ ಪೂರ್ತಿ ಅರ್ಥ "ಕಂಪ್ಯೂಟರ್ ಕೇಳಿದ ಅನುಪಾತ" ಅಂತ. ಸಿಕ್ಕಿದ ಅನುಪಾತ ಅಲ್ಲ. ಹಳೇ ತರದ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯಾ ಅಂತ ನೋಡೋದು) ಇರೋ ಕಾರು ಬಿಸಿಯಾಗಿ ಆರಾಮ ಓಡ್ತಾ ಇರುವಾಗ ಇದು 1 ಅಂತಲೇ ಹೇಳ್ಬೇಕು ಅಂತ ನಿಯಮದಲ್ಲೇ ಉಂಟು. ಆಮೇಲೆ ಮುಳ್ಳು ಅಲ್ಲಾಡಲ್ಲ, ಡಾಂಗಲ್ ಹಾಳು ಅಂತ ಬೊಬ್ಬೆ ಹೊಡೆದ್ರೆ ಎಂತ ಮಾಡೋದು.

ಈ 14.7 ಹುಟ್ಟಿದ್ದೆಲ್ಲಿ ಅಂದ್ರೆ ಬರೀ ತೂಕದ ಲೆಕ್ಕದಲ್ಲಿ. 114 ಗ್ರಾಂ ಆಕ್ಟೇನ್ ಪೂರ್ತಿ ಉರಿಯೋದಕ್ಕೆ 400 ಗ್ರಾಂ ಆಕ್ಸಿಜನ್ ಬೇಕು, ಗಾಳಿಯ ತೂಕದಲ್ಲಿ ಆಕ್ಸಿಜನ್ ಶೇ. 23.2ರಷ್ಟು, ಹಾಗಾಗಿ 1720 ಗ್ರಾಂ ಚಿಲ್ಲರೆ ಗಾಳಿ, ಅನುಪಾತ 15.1. ಪಂಪಿನ ಪೆಟ್ರೋಲಲ್ಲಿ ಆಕ್ಟೇನ್ ಒಂದೇ ಅಲ್ಲ, ಬೇರೆ ಬೇರೆ ಹೈಡ್ರೋಕಾರ್ಬನ್ ಸೇರಿ 14.7ಕ್ಕೆ ಇಳೀತದೆ. ಎಥನಾಲಿನ ಅಣುವಿನಲ್ಲಿ ಆಗಲೇ ಒಂದು ಆಕ್ಸಿಜನ್ ಕೂತಿರೋದ್ರಿಂದ 46 ಗ್ರಾಮಿಗೆ 96 ಗ್ರಾಂ ಆಕ್ಸಿಜನ್ ಸಾಕು, ಅನುಪಾತ 9. ಕುಚ್ಚಲಕ್ಕಿಗೆ ಇಡೋ ನೀರೇ ಬೇರೆ, ಬೆಳ್ತಿಗೆಗೆ ಇಡೋ ನೀರೇ ಬೇರೆ, ಆದ್ರೆ "ನೀರು ಸರಿ ಆಯ್ತಾ" ಅಂತ ಅಡುಗೆಮನೆಯಿಂದ ಕೇಳಿದ್ರೆ ಎರಡಕ್ಕೂ ಉತ್ತರ ಒಂದೇ, ಹೂಂ. ಲ್ಯಾಂಬ್ಡಾ 1 ಅಂದ್ರೆ ಆ ಹೂಂ. ಎಷ್ಟು ಲೋಟ ಅಂತ ಅದರಲ್ಲಿ ಇಲ್ಲ.

ಕಾರಿಗೆ ಆ ಹೂಂ ಗೊತ್ತಾಗೋದು ಹೇಗೆ ಅನ್ನೋದು ನನಗೆ ಎಲ್ಲಕ್ಕಿಂತ ಖುಷಿ ಕೊಡೋ ಭಾಗ, ಸ್ವಲ್ಪ ಉದ್ದ ಆದ್ರೆ ಸಹಿಸ್ಕೊಳ್ಳಿ. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ ಒಂದು ಸಮೀಕರಣ ಕೊಟ್ಟ, ಎರಡು ಕಡೆ ಸಾಂದ್ರತೆ ಬೇರೆ ಇದ್ರೆ ನಡುವೆ ಎಷ್ಟು ವೋಲ್ಟ್ ಹುಟ್ತದೆ ಅಂತ. ಅದೇ ಮನುಷ್ಯ 1897ರ ಹೊತ್ತಿಗೆ ಒಂದು ಬಲ್ಬ್ ಮಾಡಿದ, ತಂತಿ ಇಲ್ಲ, ಜಿರ್ಕೋನಿಯಾಕ್ಕೆ ಸ್ವಲ್ಪ ಇಟ್ರಿಯಾ ಬೆರೆಸಿದ ಸೆರಾಮಿಕ್ ಕಡ್ಡಿ. ತಣ್ಣಗಿದ್ರೆ ಅದರಲ್ಲಿ ಕರೆಂಟೇ ಹರಿಯಲ್ಲ, ಮೊದಲು ಬಿಸಿ ಮಾಡ್ಬೇಕು, ಆಮೇಲೆ ಜಗಮಗ. ಸ್ವಿಚ್ ಹಾಕಿ ಕಾಯೋ ಬಲ್ಬ್ ಯಾರಿಗೆ ಬೇಕು, ಟಂಗ್‌ಸ್ಟನ್ ಬಂದ ಮೇಲೆ ಮೂಲೆ ಸೇರ್ತು. ನೆರ್ನ್‌ಸ್ಟ್‌ಗೆ 1920ರ ರಸಾಯನಶಾಸ್ತ್ರದ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ. ಆದ್ರೆ ಆ ಸೋತ ಬಲ್ಬಿನ ಮಣ್ಣೇ ಈಗ ನಿಮ್ಮ ಸೈಲೆನ್ಸರ್ ಪೈಪಿನಲ್ಲಿ ಕೂತಿರೋದು, ಅದರ ಲೆಕ್ಕವೂ ಆತನ ಸಮೀಕರಣದ್ದೇ. 1976ರಲ್ಲಿ ಬಾಷ್ ಕಂಪೆನಿ ಇದನ್ನ ಲ್ಯಾಂಬ್ಡಾ ಸೆನ್ಸರ್ ಮಾಡಿ ವೋಲ್ವೋ ಕಾರಿಗೆ ಹಾಕ್ತು.

ಸೆನ್ಸರಿನ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಹೊಗೆ. ಮುನ್ನೂರು ಮುನ್ನೂರೈವತ್ತು ಡಿಗ್ರಿ ಬಿಸಿ ದಾಟಿದ್ರೆ ಜಿರ್ಕೋನಿಯಾದ ಒಳಗೆ ಆಕ್ಸಿಜನ್ ಅಯಾನುಗಳು ಓಡಾಡ್ಲಿಕ್ಕೆ ಶುರು, ಹೆಚ್ಚು ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ. ಅದಕ್ಕೇ ಸೆನ್ಸರಿಗೂ ಒಳಗೆ ಒಂದು ಹೀಟರ್. ಹೊಗೆಯಲ್ಲಿ ಆಕ್ಸಿಜನ್ ಮುಗಿದಿದ್ರೆ, ಅಂದ್ರೆ ಪೆಟ್ರೋಲ್ ಹೆಚ್ಚಾಗಿದ್ರೆ, 0.9 ವೋಲ್ಟ್ ಹತ್ರ. ಆಕ್ಸಿಜನ್ ಉಳಿದಿದ್ರೆ 0.1. ಸರಿಯಾಗಿ ಲ್ಯಾಂಬ್ಡಾ 1ರ ಹತ್ರ ಒಂದೇ ನೆಗೆತ, ನಡುವೆ ನಿಲ್ಲೋದೇ ಇಲ್ಲ. ಇದರ ವೋಲ್ಟೇಜನ್ನ 12, 13, 14 ಅಂತ ಹಂಚಿ ಬಣ್ಣಬಣ್ಣದ ಎಲ್‌ಇಡಿ ಕುಣಿಸೋ ಮೀಟರುಗಳು ಬರ್ತವೆ, ಅವು ಅಲಂಕಾರಕ್ಕೆ ಮಾತ್ರ. ಅನುಪಾತ ನಿಜಕ್ಕೂ ಬೇಕಾದ್ರೆ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಅದರಲ್ಲಿ ಒಂದು ಪುಟ್ಟ ಗೂಡು, ಆ ಗೂಡಿನ ಹೊಗೆ 0.45 ವೋಲ್ಟ್‌ನಲ್ಲೇ ಇರೋ ಹಾಗೆ ಕರೆಂಟ್ ಕೊಟ್ಟು ಆಕ್ಸಿಜನನ್ನ ಒಳಗೆ ಹೊರಗೆ ಪಂಪ್ ಮಾಡ್ತಾ ಇರ್ತದೆ, ಎಷ್ಟು ಕರೆಂಟ್ ಬೇಕಾಯ್ತು ಅನ್ನೋದೇ ಲ್ಯಾಂಬ್ಡಾ. ನಿಮ್ಮ ಕಾರಲ್ಲಿ ಅದು ಇದ್ರೆ 44ರ ಬದಲು 24 ಅಥವಾ 34 ಕೇಳಿ, ಮೊದಲ ಎರಡು ಬೈಟಿಗೆ ಸೂತ್ರ ಅದೇ, ಆದ್ರೆ ಈಗ ಅಳೆದದ್ದು.

ಅಳೆದರೂ ಅದು ಲ್ಯಾಂಬ್ಡಾವೇ. ಇ20 ಹಾಕಿದ್ರೂ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಚಿಮುಕಿಸಿ ಅದನ್ನ 1ಕ್ಕೇ ತಂದು ನಿಲ್ಲಿಸ್ತದೆ, ಭಾವನ 14.7 ಕದಲೋದೇ ಇಲ್ಲ. ಕದಲೋದು ಬೇರೆ ಕಡೆ, 06 ಮತ್ತು 07ನೇ ನಂಬರಿನ ಫ್ಯೂಯಲ್ ಟ್ರಿಮ್‌ನಲ್ಲಿ. ಕಂಪ್ಯೂಟರ್ ತನ್ನ ಮಾಮೂಲಿ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಕಮ್ಮಿ ಪೆಟ್ರೋಲ್ ಹಾಕ್ತಾ ಇದೆ ಅನ್ನೋದೇ ಈ ಟ್ರಿಮ್. ಸೂತ್ರ (ಎ − 128) × 100 ÷ 128, ಉತ್ತರ ಶೇಕಡಾದಲ್ಲಿ. ಇ10ಕ್ಕೆ ಸರಿಯಾದ ಅನುಪಾತ 14.1ರಷ್ಟು, ಇ20ಕ್ಕೆ 13.5, ಹಾಗಾಗಿ ಇ10ಕ್ಕೆ ಟ್ಯೂನ್ ಆದ ಕಾರಿಗೆ ಇ20 ಬಿದ್ರೆ 07ನೇ ನಂಬರು ನಿಧಾನಕ್ಕೆ ಶೇ. 4ರಷ್ಟು ಮೇಲೆ ಹೋಗ್ಬೇಕು. ಪೈಪಿನಲ್ಲಿ ಗಾಳಿ ಲೀಕ್ ಇದ್ರೂ, ಪೆಟ್ರೋಲ್ ಫಿಲ್ಟರ್ ಕಟ್ಟಿದ್ರೂ ಅದು ಏರ್ತದೆ, ಅದಕ್ಕೆ ಒಂದು ಟ್ಯಾಂಕಿನ ಲೆಕ್ಕ ನೋಡಿ ಪಂಪಿನವರ ಮೇಲೆ ಜಗಳಕ್ಕೆ ಹೋಗ್ಬೇಡಿ. ಮೈಲೇಜ್ ಹೆಚ್ಚಾಗ್ತದೆ ಅಂತ ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದವರು, ಟ್ಯಾಂಕಿಗೆ ನುಸಿಗುಳಿಗೆ ಹಾಕಿದವರು, ಒಬಿಡಿಗೇ ಸಿಕ್ಕಿಸೋ ಮೈಲೇಜ್ ಡಬ್ಬಿ ತಗೊಂಡವರು, ಎಲ್ಲರೂ ಮೊದಲು ಮತ್ತು ಆಮೇಲೆ ಇದೇ 07 ಬರೆದಿಟ್ಟುಕೊಳ್ಳಲಿ. ಅಂಥ ಒಂದು ಡಬ್ಬಿ ಬಿಚ್ಚಿ ನೋಡಿದ್ದೇನೆ, ಒಂದು ಚಿಪ್, ಮೂರು ಎಲ್‌ಇಡಿ, ಕಾರಿನ ಡೇಟಾ ಬರೋ ಪಿನ್ನಿಗೆ ವೈರೇ ಇಲ್ಲ. ಅಯಸ್ಕಾಂತಕ್ಕೆ ಪೆಟ್ರೋಲ್ ಹಿಡಿಯೋದೂ ಇಲ್ಲ, ಅಷ್ಟು ಹಣಕ್ಕೆ ಟಯರಿಗೆ ಸರಿ ಗಾಳಿ ಹಾಕಿಸ್ಬಹುದಿತ್ತು.

ಮೀಟರ್ ಜೀವ ಬಂದ ಹಾಗೆ ಆಡೋದು ನೋಡ್ಬೇಕಾದ್ರೆ ಪಾಣತ್ತೂರಿನಿಂದ ರಾಣಿಪುರದ ಏರು ಹತ್ತಿಸಿ, ಪಕ್ಕದಲ್ಲಿ ಕೂತವರ ಕೈಗೆ ಮೊಬೈಲ್ ಕೊಟ್ಟು. ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಇಂಜಿನ್ ತಣ್ಣಗಿರಲಿ, ಶಕ್ತಿ ಬರಲಿ ಅಂತ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರೀತದೆ, 44ರಲ್ಲಿ 0.85 ಆಸುಪಾಸು, ನಿಮ್ಮ ಗುಣಾಕಾರದಲ್ಲಿ 12.5. ಇಳಿಯುವಾಗ ಗೇರಲ್ಲೇ ಬಿಟ್ಟು ಕಾಲು ತೆಗೆದ್ರೆ ಇಂಜೆಕ್ಟರ್ ಪೂರ್ತಿ ಬಂದ್, ಪೈಪಿನಲ್ಲಿ ಬರೀ ಗಾಳಿ. ವೈಡ್‌ಬ್ಯಾಂಡ್ ಇದ್ರೆ ಆಗ ಪರದೆಯಲ್ಲಿ 29.4 ಕಾಣ್ಬಹುದು, ಸೆನ್ಸರ್ ಹೋಯ್ತು ಅಂತ ಗ್ಯಾರೇಜಿಗೆ ಓಡ್ಬೇಡಿ. ಎರಡು ಬೈಟಿನಲ್ಲಿ ಹಿಡಿಯೋ ಅತಿ ದೊಡ್ಡ ಸಂಖ್ಯೆ 65535, ಅದನ್ನ 32768ರಿಂದ ಭಾಗಿಸಿದ್ರೆ 2ಕ್ಕೆ ಕೂದಲೆಳೆ ಕಮ್ಮಿ, 14.7ರಿಂದ ಗುಣಿಸಿದ್ರೆ ಅದೇ 29.4. ಅದಕ್ಕಿಂತ ಮೇಲೆ ಬರೀಲಿಕ್ಕೆ ಅಲ್ಲಿ ಜಾಗವೇ ಇಲ್ಲ. ಡೀಸೆಲ್ ಗಾಡಿಯವರಿಗೆ ಇಷ್ಟೆಲ್ಲ ಮಂಡೆಬಿಸಿ ಬೇಡ, ಅದು ಯಾವಾಗ್ಲೂ ಗಾಳಿ ಮಿಗಿಸಿಯೇ ಓಡೋದು, 14.7 ಹುಡುಕಿದ್ರೆ ಸಿಗೋದೂ ಇಲ್ಲ.