ಗಾರೆ ಬಳಿಯದ ಗೋಡೆ: ಇಂಗ್ಲೆಂಡಿನ ರೆಡ್ ಹೌಸ್ ಕಟ್ಟಿದ ಬಗೆ

ಇಂಗ್ಲೆಂಡಿನಲ್ಲಿ 1784ರಿಂದ 1850ರ ತನಕ ಇಟ್ಟಿಗೆಗೆ ತೆರಿಗೆ ಇತ್ತು. ಅಮೆರಿಕದ ಯುದ್ಧದಲ್ಲಿ ಬರಿದಾದ ಬೊಕ್ಕಸ ತುಂಬಲು ಹಾಕಿದ ತೆರಿಗೆ ಅದು. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಲೆಕ್ಕ. ಜನ ಸುಮ್ನೆ ಕೂರಲಿಲ್ಲ, ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಆಮೇಲೆ ದೊಡ್ಡ ಇಟ್ಟಿಗೆಗೂ ಜಾಸ್ತಿ ತೆರಿಗೆ ಬಿತ್ತು. ಇಷ್ಟು ದುಡ್ಡು ಸುರಿದು ಕಟ್ಟಿದ ಗೋಡೆಯನ್ನು ಉಳ್ಳವರು ಮುಚ್ಚಿಬಿಡುತ್ತಿದ್ದರು. ಗಾರೆ ಬಳಿದು, ಕಲ್ಲಿನ ಗೋಡೆಯಂತೆ ಗೆರೆ ಎಳೆಸಿ, ಬಿಳಿ ಬಣ್ಣ ಹೊಡೆಸುವುದು ಆ ಕಾಲದ ದೊಡ್ಡಸ್ತಿಕೆ.

ತೆರಿಗೆ ಹೋದ ಒಂಬತ್ತು ವರ್ಷಕ್ಕೆ, 1859ರಲ್ಲಿ, ಕೆಂಟ್ ಸೀಮೆಯ ಒಂದು ಹಣ್ಣಿನ ತೋಟದಲ್ಲಿ ರೆಡ್ ಹೌಸ್ ಏಳತೊಡಗಿತು. ಈಗ ಆ ಜಾಗ ಲಂಡನ್ನಿಗೆ ಸೇರಿದ ಬೆಕ್ಸ್ಲಿಹೀತ್. ಕಟ್ಟಿಸಿದವನು ಮುಂದೆ ವಿನ್ಯಾಸಕಾರನಾಗಿ ಹೆಸರಾದ ವಿಲಿಯಂ ಮಾರಿಸ್. ಆಗಿನ್ನೂ 25 ವರ್ಷ, ಹೊಸದಾಗಿ ಮದುವೆಯಾಗಿದ್ದ, ತಾಮ್ರದ ಗಣಿಯ ಷೇರಿನಿಂದ ಒಳ್ಳೆ ಆದಾಯವಿತ್ತು. ನಕ್ಷೆ ಬರೆದವನು ಗೆಳೆಯ ಫಿಲಿಪ್ ವೆಬ್, 28ರ ಹುಡುಗ. ಇಬ್ಬರೂ 1856ರಲ್ಲಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಪರಿಚಯವಾದವರು. ವೆಬ್‌ಗೆ ಸ್ವಂತವಾಗಿ ಸಿಕ್ಕ ಮೊದಲ ಕೆಲಸವಿದು.

ಅವನು ಇಟ್ಟಿಗೆಯನ್ನು ಮುಚ್ಚಲಿಲ್ಲ. ಗೋಡೆ, ಕಮಾನು, ಎತ್ತರದ ಹೊಗೆಗೂಡು, ಎಲ್ಲವೂ ಬರೀ ಕೆಂಪು ಇಟ್ಟಿಗೆ. ಒಳಗಿನ ಅಗ್ಗಿಷ್ಟಿಕೆಗಳೂ ಅಷ್ಟೇ. ಮೇಲೆ ಕಡಿದಾದ ಇಳಿಜಾರಿನ ಹೆಂಚಿನ ಮಾಡು. ಮನೆ ಎರಡು ತೋಳಿನ ಮೂಲೆಮಟ್ಟದ ಹಾಗೆ ತಿರುಗುತ್ತದೆ. ಆ ತಿರುವಿನ ಅಂಗಳದಲ್ಲಿ ಬಾವಿ, ಅದಕ್ಕೂ ಚೂಪಾದ ಹೆಂಚಿನ ಟೋಪಿ. ಕಿಟಕಿಗಳನ್ನು ನೋಡಿ: ಒಂದು ಅಗಲ, ಒಂದು ಕಿರಿದು, ಇನ್ನೊಂದು ದುಂಡು. ಹೊರಗಿನಿಂದ ಸಾಲಾಗಿ ಕಾಣಲಿ ಅಂತ ಇಟ್ಟದ್ದಲ್ಲ. ಒಳಗಿನ ಕೋಣೆಗೆ ಎಲ್ಲಿ ಬೆಳಕು ಬೇಕೋ ಅಲ್ಲಿ ಕಿಟಕಿ. ಈ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಒಳಗಿಡಲು ಅಂಗಡಿಯ ಸಾಮಾನು ಮಾರಿಸ್‌ಗೆ ಹಿಡಿಸಲಿಲ್ಲ. ವೆಬ್ ಮೇಜು, ದೀಪಸ್ತಂಭಗಳ ನಕ್ಷೆ ಬರೆದ. ಮಾರಿಸ್‌ನ ಹೆಂಡತಿ ಜೇನ್ ಪರದೆಗಳಿಗೆ ಕಸೂತಿ ಹಾಕಿದಳು. ಚಿತ್ರಕಾರ ಗೆಳೆಯ ಎಡ್ವರ್ಡ್ ಬರ್ನ್-ಜೋನ್ಸ್ ಗೋಡೆಗೆ ಚಿತ್ರ ಬರೆದ. ಈ ಗೆಳೆಯರ ಕೆಲಸವೇ 1861ರಲ್ಲಿ ಒಂದು ಕಂಪನಿಯಾಯಿತು. ಮಾರಿಸ್‌ನ ಹೆಸರಾಂತ ವಾಲ್‌ಪೇಪರ್‌ಗಳು ಅಲ್ಲಿಂದ ಬಂದವು.

ಮನೆಯಲ್ಲಿ ಕೊರತೆಯೂ ಇತ್ತು. ಮುಖ್ಯ ಕೋಣೆಗಳು ಉತ್ತರಕ್ಕೆ ಮುಖ ಮಾಡಿದ್ದವು. ಇಂಗ್ಲೆಂಡಿನಲ್ಲಿ ಅದು ಬಿಸಿಲು ಬಾರದ ದಿಕ್ಕು, ಚಳಿ ಜಾಸ್ತಿ. ಕಂಪನಿ ಲಂಡನ್ನಿನಲ್ಲಿತ್ತು, ಓಡಾಟ ದೂರವಾಯಿತು. 1864ರಲ್ಲಿ ಮಾರಿಸ್ ಸಂಧಿವಾತದ ಜ್ವರದಿಂದ ಮಲಗಿದ. ಗಣಿಯ ಆದಾಯವೂ ಇಳಿಯುತ್ತಿತ್ತು. ಬರ್ನ್-ಜೋನ್ಸ್ ಕುಟುಂಬಕ್ಕಾಗಿ ಇನ್ನೊಂದು ಭಾಗ ಕಟ್ಟುವ ಯೋಜನೆ ಆ ಮನೆಯವರ ಕಾಯಿಲೆ, ಕೂಸಿನ ಸಾವಿನಿಂದ ನಿಂತುಹೋಯಿತು. 1865ರಲ್ಲಿ ಮಾರಿಸ್ ಮನೆ ಬಿಟ್ಟ. ವಾಸವಿದ್ದದ್ದು ಬರೀ ಐದು ವರ್ಷ.

1904ರಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಹರ್ಮನ್ ಮುಥೇಸಿಯಸ್, ಒಳಗೂ ಹೊರಗೂ ಒಂದಾಗಿ ಯೋಚಿಸಿ ಕಟ್ಟಿದ ಮೊದಲ ಮನೆ ಅಂತ ಇದನ್ನು ಹೊಗಳಿದ. ಮುಂದೆ ಕೆಲವರು ‘ಆಧುನಿಕ ವಾಸ್ತುಶಿಲ್ಪದ ಮೊದಲ ಮನೆ’ ಎಂದೇ ಕರೆದರು. ನನಗೆ ಇದು ಒಪ್ಪಿಗೆಯಿಲ್ಲ. ಸ್ಟ್ರೀಟ್, ಬಟರ್‌ಫೀಲ್ಡ್ ಮೊದಲಾದ ವಾಸ್ತುಶಿಲ್ಪಿಗಳು ಹಳ್ಳಿ ಪಾದ್ರಿಗಳಿಗೆ ಇಂಥ ಬರಿ ಇಟ್ಟಿಗೆಯ ಮನೆಗಳನ್ನು ಆಗಲೇ ಕಟ್ಟಿದ್ದರು. ಆ ಸರಳ ರೀತಿಯನ್ನು ದುಡ್ಡಿದ್ದವನೊಬ್ಬ ಸ್ವಂತ ಮನೆಗೆ ಬೇಕೆಂದು ಆರಿಸಿಕೊಂಡನಲ್ಲ, ರೆಡ್ ಹೌಸಿನ ದೊಡ್ಡತನ ಅಲ್ಲಿದೆ.

1952ರಲ್ಲಿ ಟೆಡ್ ಹಾಲಂಬಿ ಎಂಬ ವಾಸ್ತುಶಿಲ್ಪಿಯ ಕುಟುಂಬ ಇಲ್ಲಿಗೆ ಬಂದು ದಶಕಗಳ ಕಾಲ ಮನೆಯನ್ನು ಜೋಪಾನ ಮಾಡಿತು. 2003ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಕೊಂಡಿತು. 2013ರಲ್ಲಿ ಮಾರಿಸ್ ಮಲಗುವ ಕೋಣೆಯ ಬೀರುವಿನ ಹಿಂದೆ ಬೈಬಲ್ಲಿನ ಆಕೃತಿಗಳ ಗೋಡೆಚಿತ್ರ ಹೊರಬಂತು. ಅದು ಒಬ್ಬರ ಕೈಯದ್ದಲ್ಲ, ಹಲವು ಗೆಳೆಯರು ಸೇರಿ ಬರೆದದ್ದು ಎಂಬುದು ತಜ್ಞರ ಅಂದಾಜು.