ಕೊನೆಯ ಗೆರೆಗಳಲ್ಲಿ ಮೀಟು ಒರಟಾಗುವುದೇಕೆ?

ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರ ಎಲ್‌ಪಿ (ಗ್ರಾಮಫೋನ್ ತಟ್ಟೆ) ಹಾಕಿ ಕೇಳಿ. ಆರಂಭದಲ್ಲಿ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳಿಸಿ, ಬದಿ ಮುಗಿಯುವ ಹೊತ್ತಿಗೆ ನಾದ ಒರಟಾದರೆ, ತಟ್ಟೆ ಸವೆದಿದೆ ಎಂದು ಎತ್ತಿಡಬೇಡಿ. ಮೊದಲು ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹಿಡಿದಿರುವ ಪುಟ್ಟ ಡಬ್ಬಿ, ಕೂತಿರುವ ಕೋನ ನೋಡಿ.

ಮೂಲ ತಟ್ಟೆಯನ್ನು ಕೊರೆಯುವ ಮೊನೆ ಅಂಚಿನಿಂದ ನಡುವಿನತ್ತ ನೇರವಾಗಿ ಸರಿಯುತ್ತದೆ. ಕಾರ್ಟ್ರಿಜ್ ಹೊತ್ತ ತೋಳು, ಟೋನ್‌ಆರ್ಮ್, ಹಾಗಲ್ಲ, ಒಂದು ಬಿಂದುವಿನ ಸುತ್ತ ತಿರುಗುತ್ತದೆ. ಆದ್ದರಿಂದ ಮುಳ್ಳು ಗೆರೆಗೆ ಕರಾರುವಾಕ್ಕಾಗಿ ಹೊಂದುವುದು ಎರಡೇ ಕಡೆ. 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್ ಎಂಬ ಸಂಶೋಧಕರು ಇದರ ಲೆಕ್ಕ ಹಾಕಿದರು. ಬೇರ್‌ವಾಲ್ಡ್ ವಿಧಾನದಲ್ಲಿ ಆ ಬಿಂದುಗಳು ತಟ್ಟೆಯ ನಡುವಿನಿಂದ 66.0 ಮತ್ತು 120.9 ಮಿ.ಮೀ. ದೂರದಲ್ಲಿವೆ. ಉಳಿದೆಡೆ ಸುಮಾರು ಎರಡು ಡಿಗ್ರಿಯೊಳಗಿನ ತಪ್ಪು ಇದ್ದೇ ಇರುತ್ತದೆ. ಅಂಚಿನಲ್ಲಿ ಗೆರೆ ಸೆಕೆಂಡಿಗೆ 51 ಸೆಂ.ಮೀ. ಓಡಿದರೆ ಒಳಗೆ 21 ಸೆಂ.ಮೀ. ಮಾತ್ರ. ಅಲ್ಲಿ ಅದೇ ಅಲೆಗಳು ಇಕ್ಕಟ್ಟಾಗುವುದರಿಂದ ಅಷ್ಟೇ ತಪ್ಪು ಹೆಚ್ಚು ಕೇಳಿಸುತ್ತದೆ. ಹಾಡುಗಾರಿಕೆಯಲ್ಲಿ ಸ, ಶ ಅಕ್ಷರಗಳು ಸೀಳುವುದು ಇದಕ್ಕೇ.

ಈ ಎರಡು ಬಿಂದುಗಳನ್ನು ಗುರುತಿಸಿರುವ ಕೋನಮಾಪಕದ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸುವುದಾದರೆ 100 ಪ್ರತಿಶತ ಅಳತೆಯನ್ನೇ ಕೇಳಿ. ಹಾಳೆಗೆ ಹೊಂದಿಸಿ 97ಕ್ಕೆ ಇಳಿಸಿದರೆ 120.9 ಇರಬೇಕಾದ ಬಿಂದು 117.3ಕ್ಕೆ ಬರುತ್ತದೆ. ಸ್ಟೀಲ್ ಸ್ಕೇಲಿನಿಂದ ಅಳೆಯದೆ ನಂಬಬೇಡಿ.

ಹಾಳೆಯನ್ನು ತಟ್ಟೆಯ ಜಾಗದಲ್ಲಿಟ್ಟು, ಅದು ತಿರುಗದಂತೆ ನಿಲ್ಲಿಸಿ, ತೋಳು ಒಳಕ್ಕೆ ಎಳೆದುಕೊಳ್ಳುವುದನ್ನು ತಡೆಯುವ ಆ್ಯಂಟಿ-ಸ್ಕೇಟ್ ಸೊನ್ನೆಗಿಟ್ಟು, ಎರಡು ಸ್ಕ್ರೂಗಳನ್ನೂ ಕಾರ್ಟ್ರಿಜ್ ಕೈಯೊತ್ತಡಕ್ಕೆ ಮಾತ್ರ ಜರುಗುವಷ್ಟು ಸಡಿಲಿಸಿ. ಮುಳ್ಳನ್ನು ಹಾಳೆಯ ಹೊರಬಿಂದುವಿನ ಮೇಲಿಟ್ಟು, ಅಲ್ಲಿ ಮುದ್ರಿಸಿರುವ ಗೆರೆಗಳಿಗೆ ಸಮಾಂತರವಾಗಿ ಕಾರ್ಟ್ರಿಜ್ ತಿರುಗಿಸಿ. ನೋಡಬೇಕಾದ್ದು ಕ್ಯಾಂಟಿಲಿವರನ್ನು, ಅಂದರೆ ತುದಿಯಲ್ಲಿ ಮುಳ್ಳಿರುವ ಸಣ್ಣ ಕಡ್ಡಿಯನ್ನು, ಕಾರ್ಟ್ರಿಜ್‌ನ ಮೈಯನ್ನಲ್ಲ. ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಇವೆರಡೂ ಒಂದೇ ಸಾಲಿನಲ್ಲಿರುವುದಿಲ್ಲ, ಅದಕ್ಕಾಗಿ ಭೂತಗನ್ನಡಿಯೊಂದು ಕೈಯಲ್ಲಿರಲಿ. ಈಗ ಒಳಬಿಂದುವಿಗೆ ಬನ್ನಿ. ಅಲ್ಲಿ ಕ್ಯಾಂಟಿಲಿವರಿನ ಮುಂತುದಿ ತಟ್ಟೆಯ ನಡುವಿನ ಕಡ್ಡಿಯತ್ತ ವಾಲಿದ್ದರೆ ಕಾರ್ಟ್ರಿಜನ್ನು ಕೂದಲೆಳೆಯಷ್ಟು ಮುಂದಕ್ಕೆ, ಹೊರಕ್ಕೆ ವಾಲಿದ್ದರೆ ಹಿಂದಕ್ಕೆ ಸರಿಸಿ. ಮತ್ತೆ ಹೊರಬಿಂದುವಿನಿಂದ ಶುರು. ಎರಡೂ ಕಡೆ ಒಪ್ಪುವವರೆಗೆ ಹೀಗೇ ಮಾಡಬೇಕು, ಇಲ್ಲಿ ಅವಸರ ಪಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಸ್ಕ್ರೂಗಳನ್ನು ಒಂದಾದ ಮೇಲೊಂದು, ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಕೋನ ಮತ್ತೆ ತಿರುಗುತ್ತದೆ. ಕಾರ್ಟ್ರಿಜ್ ಸರಿದರೆ ಮುಳ್ಳಿನ ಭಾರವೂ ಬದಲಾಗುತ್ತದೆ, ಹಾಗಾಗಿ ತಯಾರಕರು ಹೇಳಿದಷ್ಟಕ್ಕೆ ಅದನ್ನು ಮತ್ತೆ ತೂಗಿ ಹೊಂದಿಸಿ. ಆ್ಯಂಟಿ-ಸ್ಕೇಟ್ ಮರಳಿ ಕೊಟ್ಟು ತಟ್ಟೆಯ ಕೊನೆಯ ಕೃತಿಯನ್ನೇ ಹಾಕಿ. ಆಗಲೂ ಒರಟು ಉಳಿದರೆ ಮುಳ್ಳಿನ ಸವೆತ ಪರೀಕ್ಷಿಸಿ.