ಮನೆ ತುಂಬ ಜನ ಇದ್ರೆ ಒಂಟಿತನ ಇಲ್ಲ ಅಂತಲ್ಲ

"ಮನೇಲಿ ಆರು ಜನ ಇದೀವಿ ಡಾಕ್ಟ್ರೇ, ಅಮ್ಮಂಗೆ ಒಂಟಿತನ ಎಲ್ಲಿಂದ ಬರುತ್ತೆ?" ವಯಸ್ಸಾದವರನ್ನ ನೋಡೋ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಪ್ರಶ್ನೆ ಕೇಳೋದು ಅಮ್ಮನ್ನ, ಉತ್ತರ ಕೊಡೋದು ಮಗ.

ಜನರ ಒಡನಾಟ ಎಷ್ಟಿದೆ ಅನ್ನೋದು ಬೇರೆ, ಒಂಟಿ ಅನ್ಸೋದು ಬೇರೆ. ಮೊದಲನೇದನ್ನ ಎಣಿಸಬಹುದು, ಅದಕ್ಕೆ ಲಬ್ಬೆನ್ ಸ್ಕೇಲ್ ಇದೆ, ಅದರ ಚಿಕ್ಕ ರೂಪದಲ್ಲಿ 6 ಪ್ರಶ್ನೆ: ಮನೆಯವರು-ನೆಂಟರಲ್ಲಿ ಎಷ್ಟು ಜನರ ಜೊತೆ ತಿಂಗಳಿಗೊಂದ್ಸಲ ಆದ್ರೂ ಭೇಟಿ ಇಲ್ಲಾ ಮಾತು ಇದೆ, ಎಷ್ಟು ಜನರ ಹತ್ರ ಮನಸ್ಸು ಬಿಚ್ಚಿ ಹೇಳ್ಕೋಬಹುದು, ಎಷ್ಟು ಜನರನ್ನ ಸಹಾಯಕ್ಕೆ ಕರೀಬಹುದು, ಆಮೇಲೆ ಸ್ನೇಹಿತರ ಬಗ್ಗೆ ಇದೇ ಮೂರು. 30ಕ್ಕೆ 12ಕ್ಕಿಂತ ಕಮ್ಮಿ ಬಂದ್ರೆ ನಾವು ಎಚ್ಚರ ಆಗ್ತೀವಿ.

ಎರಡನೇದನ್ನ ಹೊರಗಡೆಯಿಂದ ಯಾರೂ ಎಣಿಸೋಕಾಗಲ್ಲ, ಅವರೇ ಹೇಳ್ಬೇಕು. ಒಂಟಿತನ ಅಳೆಯೋ 20 ಪ್ರಶ್ನೆಯ ಯುಸಿಎಲ್‌ಎ ಸ್ಕೇಲನ್ನ 2004ರಲ್ಲಿ ಮೂರೇ ಪ್ರಶ್ನೆಗೆ ಇಳಿಸಿದ್ರು: ಜೊತೆಗೆ ಯಾರೂ ಇಲ್ಲ ಅನ್ಸುತ್ತಾ, ನಿಮ್ಮನ್ನ ಸೇರಿಸ್ಕೊಳ್ದೆ ಹೊರಗಿಟ್ಟಿದಾರೆ ಅನ್ಸುತ್ತಾ, ಬೇರೆಯವರಿಂದ ದೂರ ಆಗಿದೀನಿ ಅನ್ಸುತ್ತಾ. ಅಪರೂಪಕ್ಕೆ ಅಂದ್ರೆ 1, ಆಗಾಗ 2, ಬಹಳ ಸಲ 3. "ಒಂಟಿತನ ಇದೆಯಾ" ಅಂತ ನೇರ ಕೇಳಿದ್ರೆ ನಮ್ಮ ಹಿರಿಯರು "ಛೆ ಛೆ, ಮಕ್ಕಳು ಚೆನ್ನಾಗಿ ನೋಡ್ಕೋತಾರಪ್ಪ" ಅಂತಾರೆ, ಮಕ್ಕಳ ಮರ್ಯಾದೆ ಕಾಯೋದು ಅವರಿಗೆ ಮುಖ್ಯ. ಅದಕ್ಕೇ ಹೀಗೆ ಸುತ್ತಿ ಕೇಳೋದು ಒಳ್ಳೇದು.

ನಿದ್ದೆ ಬರಲ್ಲ ಅಂತ ಒಬ್ಬರು ಅಜ್ಜಿ ಬಂದಿದ್ರು. ಪ್ರತಿ ಪ್ರಶ್ನೆಗೂ ಮಗನ ಮುಖ ನೋಡಿ "ಅಪರೂಪಕ್ಕೆ" ಅಂದ್ರು, ಒಟ್ಟು 3. ಮಗನ್ನ ಔಷಧಿ ತರೋಕೆ ಕಳಿಸಿ ಮತ್ತೆ ಕೇಳಿದೆ, 8 ಬಂತು. "ಊಟಕ್ಕೆ ಕರೀತಾರೆ ಡಾಕ್ಟ್ರೇ, ಮಾತಿಗೆ ಕರೆಯಲ್ಲ" ಅಂದ್ರು ಪಾಪ. ಕಿವಿ ಮಂದ ಆಗಿತ್ತು. ಎಲ್ರೂ ನಗೋವಾಗ "ಏನಂತೆ?" ಅಂತ ಕೇಳಿದ್ರೆ "ಏನಿಲ್ಲ ಬಿಡಮ್ಮ" ಅಂತ ಉತ್ತರ, ಕೊನೆಗೆ ಕೇಳೋದನ್ನೇ ಬಿಟ್ಟಿದ್ರು. ಅದೇ ವಾರ ನೋಡಿದ ಇನ್ನೊಬ್ಬ ಹಿರಿಯರು ಹೆಂಡತಿ ಹೋದಮೇಲೆ ಒಬ್ರೇ ಇರೋದು, ಬೆಳಗ್ಗೆ ಪಾರ್ಕು, ಸಂಜೆ ದೇವಸ್ಥಾನದ ಕಟ್ಟೆ, ಯಾರೂ ಪಕ್ಕ ಇಲ್ಲದೇನೇ ಕೇಳಿದ್ರೂ ಅವರದ್ದು 3 ದಾಟಲಿಲ್ಲ.

ಹಾಗಂತ ಈ ಸ್ಕೋರೇ ಕಾಯಿಲೆ ಅಲ್ಲ. ಮೂರೂ ಪ್ರಶ್ನೆ ಸೇರಿ 6 ಅಥವಾ ಮೇಲೆ ಬಂದ್ರೆ ಒಂಟಿತನ ಅನ್ನೋದು ಸಂಶೋಧನೆಯಲ್ಲಿ ರೂಢಿಯಾದ ಗೆರೆ ಅಷ್ಟೇ. ಖಿನ್ನತೆ, ಮರೆವು, ಥೈರಾಯ್ಡ್ ಎಲ್ಲಾ ನೋಡದೆ ನಾನಂತೂ ಏನೂ ತೀರ್ಮಾನ ಮಾಡಲ್ಲ. ಆ ಅಜ್ಜಿಗೂ ನಿದ್ದೆ ಮಾತ್ರೆ ಬರೆಯೋ ಮುಂಚೆ ಕಿವಿ ಪರೀಕ್ಷೆ ಮಾಡಿಸಿ ಅಂದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಅಪ್ಪ ಅಮ್ಮನ್ನ ಕರ್ಕೊಂಡು ಬಂದಾಗ ಒಂದು ಹತ್ತು ನಿಮಿಷ ಹೊರಗಡೆ ಕೂತ್ಕೊಳಿ. ಏನು ಹೇಳ್ಬೇಕು ಅಂತ ದಾರೀಲಿ ಹೇಳ್ಕೊಟ್ಟು ಕರ್ಕೊಂಡು ಬರಬೇಡಿ. ಆಮೇಲೆ "ಏನ್ ಹೇಳ್ದೆ ಡಾಕ್ಟ್ರ ಹತ್ರ?" ಅಂತ ಆಟೋದಲ್ಲಿ ವಿಚಾರಣೆ ಬೇಡ, ಮುಂದಿನ ಸಲ ಅವರು ನನ್ನ ಹತ್ರಾನೂ ಬಾಯಿ ಬಿಡಲ್ಲ.